ಕೂಸು ಎದ್ದರೆ ಗೇಮ್ ನಿಲ್ಲಬೇಕು: ಚಿಕ್ಕ ಮಕ್ಕಳಿರುವ ಮನೆಗೆ ಹ್ಯಾಂಡ್‌ಹೆಲ್ಡ್ ಯಾಕೆ ಒಗ್ಗುತ್ತದೆ

ಏಪ್ರಿಲ್ ಬಂತೆಂದರೆ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತದೆ. ಬೆಳಿಗ್ಗೆ 8ಕ್ಕೆ ಶುರು, ಮಧ್ಯಾಹ್ನ 1.30ಕ್ಕೆ ಬಂದ್. ಬಿಸಿಲಿಗಾಗಿ ಮಾಡಿದ ಏರ್ಪಾಡು. ಹಾಗಾಗಿ ಎರಡು ಗಂಟೆಗೆಲ್ಲ ಊಟ ಮುಗಿಸಿ, ಕಿಟಕಿ ಮುಚ್ಚಿ, ಕೂಲರ್ ಹಚ್ಚಿಕೊಂಡು ಒಳಗೆ ಕೂರುವ ಅಪ್ಪ ಅಮ್ಮಂದಿರು ನಮ್ಮಲ್ಲಿ ಬಹಳ. ಕೂಲರ್ ಇರುವುದು ಒಂದೇ ಕೋಣೆಯಲ್ಲಿ. ಕೂಸು ಮಲಗಿರುವುದೂ ಅಲ್ಲೇ. ಟಿವಿ ಪಡಸಾಲೆಯಲ್ಲಿದೆ, ಅದರ ಮುಂದೆ ಅತ್ತೆಯವರ ಧಾರಾವಾಹಿ ನಡೆದಿದೆ. ಮದುವೆಗೆ ಮುಂಚೆ ರಾತ್ರಿಯಿಡೀ ಗೇಮ್ ಆಡುತ್ತಿದ್ದವರಿಗೆ ಈಗ ಒಂದು ತಾಸು ಬಿಡುವು ಸಿಕ್ಕಿದೆ ಅಂದುಕೊಳ್ಳಿ. ಆ ತಾಸು ಪೂರ್ತಿ ಸಿಗುತ್ತದಾ ಅನ್ನುವುದು ಯಾರಿಗೂ ಗೊತ್ತಿಲ್ಲ. ಕೂಸು ಹತ್ತು ನಿಮಿಷಕ್ಕೇ ಏಳಬಹುದು, ನಾಲ್ಕು ಗಂಟೆತನಕ ಮಲಗಲೂಬಹುದು.

ಕೈಯಲ್ಲಿ ಹಿಡಿದು ಆಡುವ ಗೇಮ್ ಕನ್ಸೋಲ್, ಅಂದರೆ ಹ್ಯಾಂಡ್‌ಹೆಲ್ಡ್, ಇಂಥ ಮನೆಗೆ ಚೆನ್ನಾಗಿ ಒಗ್ಗುತ್ತದೆ. ಜಾಹೀರಾತಿನಲ್ಲಿ ಅದನ್ನು ಬಸ್ಸಿನಲ್ಲಿ, ವಿಮಾನದಲ್ಲಿ, ಪಾರ್ಕಿನಲ್ಲಿ ಆಡುವುದನ್ನೇ ತೋರಿಸುತ್ತಾರೆ. ನಿಜ ಹೇಳಬೇಕೆಂದರೆ ಚಿಕ್ಕ ಮಕ್ಕಳಿರುವವರು ಅದನ್ನು ಹೊಸ್ತಿಲು ದಾಟಿಸುವುದೇ ಕಮ್ಮಿ. ಹಾಲಿನ ಬಾಟಲಿ, ಡಯಾಪರ್, ಎರಡು ಜೊತೆ ಬಟ್ಟೆ, ಟೋಪಿ ಎಲ್ಲ ಹೊತ್ತು ಹೊರಟವರಿಗೆ ಗೇಮ್ ಎಲ್ಲಿ ನೆನಪಾಗಬೇಕು? ಅವರಿಗೆ ಇದು ಒಗ್ಗುವ ಕಾರಣ ಬೇರೆ. ಇದನ್ನು ಯಾವ ಗಳಿಗೆಯಲ್ಲಾದರೂ ಅರ್ಧಕ್ಕೆ ಬಿಟ್ಟು ಏಳಬಹುದು. ಎಷ್ಟೋ ಹೊತ್ತಿನ ಮೇಲೆ ಬಂದು, ಬಿಟ್ಟಲ್ಲಿಂದಲೇ ಹಿಡಿಯಬಹುದು. ಉಳಿದ ಅನುಕೂಲಗಳೆಲ್ಲ ಇದರ ನಂತರ.

ತಾಸು ಸಿಗುತ್ತದೆ, ಆದರೆ ತುಂಡಾಗಿ

ಮಗು ಹುಟ್ಟಿದ ಮೇಲೆ ಟೈಮೇ ಸಿಗುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಲೆಕ್ಕ ಹಾಕಿದರೆ ದಿನದಲ್ಲಿ ಅಲ್ಲಿ ಹತ್ತು ನಿಮಿಷ, ಇಲ್ಲಿ ಕಾಲು ತಾಸು ಅಂತ ಸಾಕಷ್ಟು ಸಿಗುತ್ತದೆ. ಆದರೆ ಒಂದಕ್ಕೊಂದು ಸೇರುವುದಿಲ್ಲ. ಯಾವಾಗ ಶುರುವಾಗುತ್ತದೆ, ಯಾವಾಗ ಮುಗಿಯುತ್ತದೆ ಅನ್ನುವುದು ನಿಮ್ಮ ಕೈಯಲ್ಲೂ ಇರುವುದಿಲ್ಲ.

ಇಂಥ ತುಂಡು ಹೊತ್ತಿಗೆ ಟಿವಿಗೆ ಜೋಡಿಸುವ ಕನ್ಸೋಲ್ ಹೊಂದುವುದು ಕಷ್ಟ. ಮೊದಲು ಪಡಸಾಲೆ ಖಾಲಿ ಇರಬೇಕು. ಟಿವಿ ಹಚ್ಚಬೇಕು, ಸೆಟ್‌ಟಾಪ್ ಬಾಕ್ಸ್‌ನಿಂದ ಗೇಮ್‌ಗೆ ಬದಲಿಸಬೇಕು, ಕನ್ಸೋಲ್ ಏಳಬೇಕು. ವಾರಗಟ್ಟಲೆ ಮುಟ್ಟದೆ ಇದ್ದರೆ ಅಪ್‌ಡೇಟ್ ಕೇಳುತ್ತದೆ. ಆಮೇಲೆ ಗೇಮ್ ತೆರೆಯಬೇಕು, ಕಂಪನಿಗಳ ಲೋಗೋಗಳನ್ನು ನೋಡಬೇಕು, ಮೆನು ದಾಟಬೇಕು. ಹದಿನೈದು ನಿಮಿಷದಲ್ಲಿ ಅರ್ಧ ಇಲ್ಲೇ ಹೋಯಿತು. ಬಿಡುವಾಗ ಇನ್ನೊಂದು ಪೇಚಾಟ. ಹಳೆಯ ಗೇಮ್‌ಗಳಲ್ಲಿ ಆಡಿದ್ದನ್ನು ಉಳಿಸಲು, ಅಂದರೆ ಸೇವ್ ಮಾಡಲು, ಗೊತ್ತಾದ ಜಾಗಕ್ಕೇ ಹೋಗಬೇಕಿತ್ತು. ಅಲ್ಲಿಗೆ ಮುಟ್ಟುವ ಮುಂಚೆ ಬಿಟ್ಟರೆ ಆಡಿದ್ದೆಲ್ಲ ನೀರಿನಲ್ಲಿ ಹೋಮ. "ಒಂದೇ ನಿಮಿಷ, ಇದೊಂದು ಸೇವ್ ಮಾಡಿ ಬರ್ತೀನಿ" ಅನ್ನುವ ಮಾತು ಎಷ್ಟು ಮನೆಗಳಲ್ಲಿ ಜಗಳ ಹಚ್ಚಿದೆಯೋ. ಅಳುವ ಕೂಸಿಗೆ ಸೇವ್ ಪಾಯಿಂಟ್ ಅರ್ಥ ಆಗುವುದಿಲ್ಲ, ಅಲ್ವಾ?

ಇದಕ್ಕೆ ಹ್ಯಾಂಡ್‌ಹೆಲ್ಡ್ ಕೊಡುವ ಉತ್ತರ ಒಂದು ಬಟನ್. ಒತ್ತಿದರೆ ಪರದೆ ಆರುತ್ತದೆ. ಮತ್ತೆ ಒತ್ತಿದರೆ ಎರಡು ಮೂರು ಸೆಕೆಂಡಿನಲ್ಲಿ ಅದೇ ಆಟ, ಅದೇ ಜಾಗ. ನೀವು ಆಡಿಸುತ್ತಿರುವ ಪಾತ್ರದವನು ಜಿಗಿಯುತ್ತಾ ಗಾಳಿಯಲ್ಲಿದ್ದರೆ ಈಗಲೂ ಗಾಳಿಯಲ್ಲೇ ಇರುತ್ತಾನೆ. ಇದನ್ನು ಸ್ಲೀಪ್ ಮೋಡ್ ಅನ್ನುತ್ತಾರೆ.

ಒಳಗೆ ಏನಾಗುತ್ತದೆ

ಇದು ಹೇಗೆ ಕೆಲಸ ಮಾಡುತ್ತದೆ ಅಂತ ತಿಳಿದುಕೊಂಡರೆ, ಯಾವ ಯಂತ್ರ ಕೊಳ್ಳಬೇಕು, ಯಾವ ಆಟ ಬೇಡ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲೋಣ.

ಗೇಮ್ ಯಂತ್ರದಲ್ಲಿ ಎರಡು ಥರದ ನೆನಪು ಇರುತ್ತದೆ. ಒಂದು ಸ್ಟೋರೇಜ್. ಗೇಮ್, ಸೇವ್ ಫೈಲ್ ಎಲ್ಲ ಅಲ್ಲಿರುತ್ತದೆ. ಕರೆಂಟ್ ಇಲ್ಲದಿದ್ದರೂ ಅಳಿಸುವುದಿಲ್ಲ. ಇನ್ನೊಂದು ರ್ಯಾಮ್. ಈಗ ನಡೆಯುತ್ತಿರುವ ಆಟ ಇರುವುದು ಇದರಲ್ಲಿ. ಶತ್ರು ಎಲ್ಲಿದ್ದಾನೆ, ನಿಮ್ಮ ಹತ್ತಿರ ಎಷ್ಟು ಬಾಣ ಉಳಿದಿವೆ, ಬಾಗಿಲು ತೆರೆದಿದೆಯೋ ಮುಚ್ಚಿದೆಯೋ, ಎಲ್ಲ. ರ್ಯಾಮ್ ಬಹಳ ಚುರುಕು, ಆದರೆ ಅದಕ್ಕೆ ಕರೆಂಟ್ ಬೇಕೇ ಬೇಕು. ಅದರೊಳಗಿನ ಒಂದೊಂದು ಮಾಹಿತಿಯೂ ಚಿಕ್ಕ ವಿದ್ಯುತ್ ಚಾರ್ಜ್ ಆಗಿ ಕೂತಿರುತ್ತದೆ, ಆ ಚಾರ್ಜ್ ಸೋರುತ್ತಾ ಇರುತ್ತದೆ. ಸೆಕೆಂಡಿಗೆ ಹತ್ತಾರು ಸಲ ಅದನ್ನು ಮತ್ತೆ ತುಂಬುತ್ತಾ ಇರಬೇಕು. ಕರೆಂಟ್ ಹೋದರೆ ಎಲ್ಲ ಅಳಿಸಿ ಹೋಗುತ್ತದೆ.

ಸ್ಲೀಪ್ ಮೋಡ್‌ನಲ್ಲಿ ಯಂತ್ರ ಪರದೆ ಆರಿಸುತ್ತದೆ, ಲೆಕ್ಕ ಮಾಡುವ ಚಿಪ್, ಅಂದರೆ ಪ್ರೊಸೆಸರ್, ನಿಲ್ಲಿಸುತ್ತದೆ, ಫ್ಯಾನ್ ನಿಲ್ಲಿಸುತ್ತದೆ. ರ್ಯಾಮ್‌ಗೆ ಮಾತ್ರ ಚೂರು ಕರೆಂಟ್ ಬಿಡುತ್ತದೆ. ರೊಟ್ಟಿ ಬಡಿಯುತ್ತಿದ್ದವರು ಕೂಸು ಅತ್ತಿತೆಂದು ಒಲೆ ಸಣ್ಣ ಮಾಡಿ ಎದ್ದು ಹೋದ ಹಾಗೆ. ಹಿಟ್ಟು, ನೀರು, ಅರ್ಧ ಬಡಿದ ರೊಟ್ಟಿ ಎಲ್ಲ ಇದ್ದಲ್ಲೇ ಇರುತ್ತದೆ. ಸೇವ್ ಮಾಡಿ ಬಂದ್ ಮಾಡುವುದೆಂದರೆ ಎಲ್ಲ ಎತ್ತಿಟ್ಟು, ಒಲೆ ಆರಿಸಿ, ಸಂಜೆ ಮತ್ತೆ ಹಿಟ್ಟು ನಾದುವುದರಿಂದ ಶುರು ಮಾಡುವುದು.

ಹೆಚ್ಚು ಬ್ಯಾಟರಿ ತಿನ್ನುವುದು ಪರದೆ ಮತ್ತು ಪ್ರೊಸೆಸರ್. ಅವೆರಡೂ ಮಲಗಿದರೆ ರ್ಯಾಮ್ ಒಂದನ್ನೇ ದಿನಗಟ್ಟಲೆ ಎಚ್ಚರ ಇಡಬಹುದು. ಆದರೆ ಬ್ಯಾಟರಿ ಪೂರ್ತಿ ಖಾಲಿಯಾದರೆ ಒಲೆಯೂ ಆರಿತು. ಊರಿಗೆ ಹೋಗುವ ಮುಂಚೆ ಒಂದು ಸಲ ಸೇವ್ ಮಾಡಿಯೇ ಹೋಗಿ.

ಮೊದಲಿನ ಹ್ಯಾಂಡ್‌ಹೆಲ್ಡ್‌ಗಳಲ್ಲಿ ಈ ಗುಣ ಇರಲಿಲ್ಲ. 1989ರಲ್ಲಿ ನಿಂಟೆಂಡೊ ತಂದ ಗೇಮ್ ಬಾಯ್ ನಾಲ್ಕು ಪೆನ್ಸಿಲ್ ಸೆಲ್ ಮೇಲೆ ಹದಿನೈದು ತಾಸಿಗೂ ಜಾಸ್ತಿ ಓಡುತ್ತಿತ್ತು. ಸ್ವಿಚ್ ಆರಿಸಿದರೆ ಆಟ ಹೋಯಿತು. ಆಟ ತುಂಬಿ ಮಾರುತ್ತಿದ್ದ ಕೆಲವು ಕಾರ್ಟ್ರಿಡ್ಜ್‌ಗಳ ಒಳಗೆ ಸೇವ್ ಉಳಿಸಲೆಂದೇ ಒಂದು ಗುಂಡಿ ಸೆಲ್ ಇರುತ್ತಿತ್ತು. ಅಂದಹಾಗೆ, ನಮ್ಮ ಕಡೆ 90ರ ದಶಕದ ಮಕ್ಕಳಿಗೆ ಕಾರ್ಟ್ರಿಡ್ಜ್ ಅಂದರೆ ಅರ್ಥ ಆಗುತ್ತಿರಲಿಲ್ಲ, ಕ್ಯಾಸೆಟ್ ಅನ್ನಬೇಕಿತ್ತು. ಗೇಮ್ ಬಾಯ್ ನಮ್ಮಲ್ಲಿ ಕಂಡವರೂ ಕಮ್ಮಿ. ಜಾತ್ರೆ, ಉರುಸಿನ ಅಂಗಡಿಗಳಲ್ಲಿ ಸಿಗುತ್ತಿದ್ದುದು ಬ್ರಿಕ್ ಗೇಮ್. ಡಬ್ಬದ ಮೇಲೆ 9999 ಆಟ ಅಂತ ಬರೆದಿರುತ್ತಿತ್ತು, ಒಳಗೆ ನಾಲ್ಕೈದು ಆಟ ಇರುತ್ತಿದ್ದವು.

ಬದಲಾವಣೆ ಬಂದದ್ದು 2004ರಲ್ಲಿ. ಆ ವರ್ಷ ಬಂದ ನಿಂಟೆಂಡೊ ಡಿಎಸ್ ಪುಸ್ತಕದ ಥರ ಮಡಚುವ ಯಂತ್ರ. ಮಡಚಿದರೆ ಮಲಗುತ್ತಿತ್ತು, ತೆರೆದರೆ ಏಳುತ್ತಿತ್ತು. ಅದೇ ವರ್ಷ ಸೋನಿ ತಂದ ಪಿಎಸ್‌ಪಿಯಲ್ಲೂ ಪಕ್ಕದ ಸ್ವಿಚ್ ಮೇಲೆ ತಳ್ಳಿದರೆ ಆಟ ಅಲ್ಲೇ ನಿಲ್ಲುತ್ತಿತ್ತು. 2017ರ ಮಾರ್ಚ್‌ನಲ್ಲಿ ನಿಂಟೆಂಡೊ ಸ್ವಿಚ್ ಬಂತು. ಬೇಕಾದಾಗ ಟಿವಿಗೆ, ಬೇಡವಾದಾಗ ಕೈಗೆ. ಟಿವಿ ಮುಂದೆ ಆಡುವಂಥ ದೊಡ್ಡ ಆಟಗಳು ಕೈಗೆ ಬಂದದ್ದು, ಅರ್ಧಕ್ಕೆ ಬಿಡುವ ಸೌಕರ್ಯದ ಜೊತೆಗೇ ಬಂದದ್ದು ಇಲ್ಲಿಂದ. 2022ರಲ್ಲಿ ವಾಲ್ವ್ ಕಂಪನಿ ಸ್ಟೀಮ್ ಡೆಕ್ ತಂದು ಕಂಪ್ಯೂಟರ್ ಗೇಮ್‌ಗಳಿಗೂ ಇದೇ ಸೌಕರ್ಯ ಕೊಟ್ಟಿತು.

ಟಿವಿ ಕನ್ಸೋಲ್‌ಗಳೂ ಸುಮ್ಮನೆ ಕೂತಿಲ್ಲ. ಸೋನಿಯ ಪ್ಲೇಸ್ಟೇಷನ್ 4, ಅಂದರೆ ಪಿಎಸ್4ಗೆ, 2015ರಲ್ಲಿ ಆಟವನ್ನು ಅಲ್ಲೇ ನಿಲ್ಲಿಸುವ ಸೌಲಭ್ಯ ಬಂತು. ಮೈಕ್ರೋಸಾಫ್ಟ್‌ನ 2020ರ ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್ ನಾಲ್ಕಾರು ಆಟಗಳನ್ನು ಒಟ್ಟಿಗೆ ನಿಲ್ಲಿಸಿ ಇಡುತ್ತದೆ. ಹಾಗಾಗಿ ನಿಲ್ಲಿಸುವುದೊಂದೇ ಲೆಕ್ಕವಾದರೆ ಈಗ ಅಂತರ ಕಮ್ಮಿ. ಆದರೆ ಟಿವಿ ಪಡಸಾಲೆಯಲ್ಲೇ ಇದೆ, ಧಾರಾವಾಹಿ ಮುಗಿದಿಲ್ಲ. ಕರೆಂಟಿನ ಕಥೆ ಬೇರೆ ಇದೆ, ಅದಕ್ಕೆ ಆಮೇಲೆ ಬರುತ್ತೇನೆ.

ಒಂದು ಥರದ ಆಟಕ್ಕೆ ಮಾತ್ರ ಈ ಸೌಕರ್ಯ ಕೆಲಸಕ್ಕೆ ಬರುವುದಿಲ್ಲ. ಇಂಟರ್ನೆಟ್‌ನಲ್ಲಿ ಬೇರೆಯವರ ಜೊತೆ ಆಡುವ ಆಟ. ಅಲ್ಲಿ ಆಟ ನಡೆಯುವುದು ದೂರದ ಸರ್ವರ್‌ನಲ್ಲಿ, ಅಂದರೆ ಎಲ್ಲರ ಯಂತ್ರಗಳನ್ನು ಜೋಡಿಸುವ ಕಂಪ್ಯೂಟರ್‌ನಲ್ಲಿ. ನಿಮ್ಮ ಯಂತ್ರ ಮಲಗಿದರೆ ಸರ್ವರ್ ಮಲಗುವುದಿಲ್ಲ, ನಿಮ್ಮನ್ನು ಹೊರಗೆ ಹಾಕಿ ಮುಂದೆ ಹೋಗುತ್ತದೆ. ನಿಮಗೆ ಅಂಥ ಆಟವೇ ಇಷ್ಟ ಅನ್ನುವುದಾದರೆ ಹ್ಯಾಂಡ್‌ಹೆಲ್ಡ್ ಕೊಂಡೂ ಉಪಯೋಗ ಅಷ್ಟಕ್ಕಷ್ಟೇ.

ಮೊಬೈಲ್ ಇದೆಯಲ್ರೀ?

ಯಾರಿಗೆ ಈ ಯಂತ್ರದ ಬಗ್ಗೆ ಹೇಳಿದರೂ ಮೊದಲು ಬರುವ ಪ್ರಶ್ನೆ ಇದು. "ಕೈಯಾಗ ಮೊಬೈಲ್ ಐತಲ್ರೀ ಅಕ್ಕಾ, ಮತ್ತ ಇದ್ಯಾಕ ಬೇಕ್ರೀ?" ನ್ಯಾಯವಾದ ಪ್ರಶ್ನೆ. ಚೆಸ್, ಸುಡೋಕು, ಪದಬಂಧ ಆಡುವವರಿಗೆ ಮೊಬೈಲೇ ಸಾಕು. ಸುಮ್ನೆ ದುಡ್ಡು ಹಾಕಬೇಡಿ.

ಅದಕ್ಕಿಂತ ದೊಡ್ಡ ಆಟ ಬೇಕೆಂದರೆ ಮೊಬೈಲ್‌ಗೆ ಮೂರು ತೊಂದರೆ ಇದೆ. ಮೊದಲನೆಯದು ಇದೇ ನಿಲ್ಲಿಸುವ ವಿಷಯ. ಆಟದ ನಡುವೆ ಫೋನ್ ಬಂತು, ಮಾತಾಡಿದಿರಿ, ವಾಟ್ಸಾಪ್ ನೋಡಿದಿರಿ, ಕೂಸಿನ ಫೋಟೋ ತೆಗೆದಿರಿ. ಈ ಹೊಸ ಕೆಲಸಗಳಿಗೆ ರ್ಯಾಮ್‌ನಲ್ಲಿ ಜಾಗ ಬೇಕು. ಆಂಡ್ರಾಯ್ಡ್ ಹಿಂದೆ ಕೂತಿರುವ ಆ್ಯಪ್‌ಗಳನ್ನು ಒಂದೊಂದಾಗಿ ಮುಚ್ಚುತ್ತದೆ. ಎಲ್ಲಕ್ಕಿಂತ ಜಾಸ್ತಿ ಜಾಗ ಹಿಡಿದಿರುವುದು ಗೇಮ್, ಹಾಗಾಗಿ ಅದೇ ಬೇಗ ಹೋಗುತ್ತದೆ. ತಿರುಗಿ ಬಂದರೆ ಮೊದಲಿನ ಲೋಗೋದಿಂದ ಶುರು. ಹ್ಯಾಂಡ್‌ಹೆಲ್ಡ್‌ನಲ್ಲಿ ರ್ಯಾಮ್‌ಗಾಗಿ ಜಗಳ ಆಡುವವರು ಯಾರೂ ಇಲ್ಲ.

ಎರಡನೆಯದು, ಮೊಬೈಲಿನ ಪುಕ್ಕಟೆ ಆಟಗಳ ಸ್ವಭಾವ. ಅವುಗಳ ಸಂಪಾದನೆ ನಡೆಯುವುದು ಜಾಹೀರಾತಿನಿಂದ, ಒಳಗೆ ಮಾರುವ ನಾಣ್ಯ ವಜ್ರಗಳಿಂದ. ನೀವು ದಿನಾ ಬರಬೇಕು, ಮರೆತರೆ ಬಹುಮಾನ ಹೋಗುತ್ತದೆ, ರಾತ್ರಿ ಹನ್ನೊಂದಕ್ಕೆ ನೋಟಿಫಿಕೇಶನ್ ಬರುತ್ತದೆ. ಮನೆಯಲ್ಲಿ ಈಗಾಗಲೇ ಗಳಿಗೆಗೊಮ್ಮೆ ಕರೆಯುವ ಒಂದು ಜೀವ ಇರುವಾಗ ಇನ್ನೊಂದು ಯಾಕೆ? ದುಡ್ಡು ಕೊಟ್ಟು ಕೊಂಡ ಕನ್ಸೋಲ್ ಗೇಮ್ ತಿಂಗಳುಗಟ್ಟಲೆ ಮುಟ್ಟದಿದ್ದರೂ ಏನೂ ಅನ್ನುವುದಿಲ್ಲ.

ಮೂರನೆಯದು ಬಟನ್. ಗಾಜಿನ ಮೇಲೆ ಹೆಬ್ಬೆರಳು ಇಟ್ಟರೆ ಅರ್ಧ ಪರದೆ ಮುಚ್ಚುತ್ತದೆ, ಎಲ್ಲಿ ಒತ್ತುತ್ತಿದ್ದೇವೆ ಅಂತ ಬೆರಳಿಗೆ ಗೊತ್ತಾಗುವುದಿಲ್ಲ.

ಕರೆಂಟು ಮತ್ತು ಬಿಸಿಲು

ನಮ್ಮ ಊರಿಗೆ ಸೇರಿದ ಲೆಕ್ಕ ಇಲ್ಲಿದೆ. ಪಿಎಸ್5 ದೊಡ್ಡ ಆಟ ಓಡಿಸುವಾಗ ಸುಮಾರು 200 ವ್ಯಾಟ್ ಎಳೆಯುತ್ತದೆ, ಟಿವಿಯದು ಬೇರೆ. ಸ್ವಿಚ್‌ನ ಬ್ಯಾಟರಿ 16 ವ್ಯಾಟ್ ಅವರ್, ಅಂದರೆ ಒಂದು ತಾಸು 16 ವ್ಯಾಟ್ ಕೊಡುವಷ್ಟು. 2019ರಲ್ಲಿ ಸುಧಾರಿಸಿ ಬಿಟ್ಟ ಮಾದರಿ ಅದರ ಮೇಲೆ ಆಟಕ್ಕೆ ತಕ್ಕಂತೆ 4.5ರಿಂದ 9 ತಾಸು ಓಡುತ್ತದೆ ಅಂತ ಕಂಪನಿ ಹೇಳುತ್ತದೆ. ಭಾಗಿಸಿ ನೋಡಿ, ಎರಡರಿಂದ ಮೂರೂವರೆ ವ್ಯಾಟ್. ಮನೆಯ 9 ವ್ಯಾಟ್ ಎಲ್‌ಇಡಿ ಬಲ್ಬಿನ ಅರ್ಧಕ್ಕಿಂತ ಕಮ್ಮಿ!

ಇಷ್ಟು ಕಮ್ಮಿ ಹೇಗೆ ಸಾಧ್ಯ? ಪರದೆ ಚಿಕ್ಕದು. 4ಕೆ ಟಿವಿಯಲ್ಲಿ ಸುಮಾರು 83 ಲಕ್ಷ ಚುಕ್ಕೆಗಳಿದ್ದರೆ ಸ್ವಿಚ್‌ನ 720ಪಿ ಪರದೆಯಲ್ಲಿ 9 ಲಕ್ಷ ಚಿಲ್ಲರೆ. ಬಿಡಿಸಬೇಕಾದ ಚಿತ್ರ ಒಂಬತ್ತರಲ್ಲಿ ಒಂದು ಪಾಲು. ಕೈಯಳತೆ ದೂರದಲ್ಲಿ ಹಿಡಿದ ಚಿಕ್ಕ ಪರದೆಯಲ್ಲಿ ಕಣ್ಣಿಗೆ ಇದು ಅಷ್ಟಾಗಿ ಕಾಣುವುದಿಲ್ಲ. ಚಿತ್ರದ ಕೆಲಸ ಕಮ್ಮಿಯಾದರೆ ಕರೆಂಟೂ ಕಮ್ಮಿ, ಕಾವೂ ಕಮ್ಮಿ. ಮೊದಲ ಸ್ಟೀಮ್ ಡೆಕ್‌ನಲ್ಲಿ 40 ವ್ಯಾಟ್ ಅವರ್ ಬ್ಯಾಟರಿ ಇದ್ದರೂ ಭಾರಿ ಆಟ ಹಾಕಿದರೆ ಎರಡು ತಾಸಿಗೆ ಖಾಲಿಯಾಗುತ್ತದೆ. ಹಗುರ ಆಟವಾದರೆ ಎಂಟು ತಾಸಿನವರೆಗೂ ಬರುತ್ತದೆ.

ಬೇಸಿಗೆಯಲ್ಲಿ ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಇನ್ವರ್ಟರ್ ಇರುವ ಮನೆಯಲ್ಲೂ ಫ್ಯಾನು, ಎರಡು ಲೈಟು ಅಷ್ಟಕ್ಕೇ ವೈರ್ ಎಳೆದಿರುತ್ತಾರೆ. ಟಿವಿ ಕನ್ಸೋಲ್‌ಗೆ ಇನ್ನೊಂದು ಹೆದರಿಕೆ ಇದೆ. ಆಟದ ನಡುವೆ, ಅದರಲ್ಲೂ ಸೇವ್ ಬರೆಯುವಾಗ, ಕರೆಂಟ್ ಹೋದರೆ ಸೇವ್ ಫೈಲ್ ಕೆಡಬಹುದು. ಪ್ಲೇಸ್ಟೇಷನ್‌ನ ರೆಸ್ಟ್ ಮೋಡ್‌ನಲ್ಲಿ, ಅಂದರೆ ಅದರ ಸ್ಲೀಪ್ ಮೋಡ್‌ನಲ್ಲಿ, ನಿಲ್ಲಿಸಿಟ್ಟ ಆಟವೂ ಗೋಡೆಯ ಕರೆಂಟನ್ನೇ ನಂಬಿ ಕೂತಿರುತ್ತದೆ, ಅದೂ ಹೋಗುತ್ತದೆ. ಬ್ಯಾಟರಿ ಇರುವ ಯಂತ್ರಕ್ಕೆ ಕರೆಂಟ್ ಹೋದದ್ದೇ ಗೊತ್ತಾಗುವುದಿಲ್ಲ. ಸೋನಿಯ ಪ್ಲೇಸ್ಟೇಷನ್ ಪೋರ್ಟಲ್ ನೋಡಲು ಹ್ಯಾಂಡ್‌ಹೆಲ್ಡ್ ಥರ ಇದ್ದರೂ ಇಲ್ಲಿ ಸೋಲುತ್ತದೆ. ಅದು ಮುಖ್ಯವಾಗಿ ಮನೆಯ ಪಿಎಸ್5ನಲ್ಲಿ ಓಡುವ ಆಟವನ್ನು ವೈಫೈ ಮೂಲಕ ತೋರಿಸುವ ಕೈಪರದೆ. 2024ರಲ್ಲಿ ಭಾರತಕ್ಕೆ 18,990 ರೂಪಾಯಿಗೆ ಬಂತು. ಟಿವಿ ಬಿಟ್ಟುಕೊಡುವ ಜಗಳ ತಪ್ಪುತ್ತದೆ ನಿಜ. ಕರೆಂಟ್ ಹೋದರೆ ಪಿಎಸ್5 ಇಲ್ಲ, ವೈಫೈ ಇಲ್ಲ, ಆಟವೂ ಇಲ್ಲ.

ಬಿಸಿಲಿನ ವಿಷಯದಲ್ಲಿ ಮಾತ್ರ ಹ್ಯಾಂಡ್‌ಹೆಲ್ಡ್‌ಗೂ ನಮ್ಮ ಊರು ಕಷ್ಟದ್ದೇ. ಸ್ವಿಚ್ ಆಗಲಿ, ಸ್ಟೀಮ್ ಡೆಕ್ ಆಗಲಿ, 35 ಡಿಗ್ರಿವರೆಗಿನ ವಾತಾವರಣದಲ್ಲಿ ಬಳಸಿ ಅಂತ ಕಂಪನಿಗಳು ಬರೆದಿವೆ. ಕಲಬುರಗಿ, ಯಾದಗಿರಿಯ ಮೇ ತಿಂಗಳಿನಲ್ಲಿ 40 ದಾಟುವುದು ಮಾಮೂಲು. ಯಂತ್ರ ತನ್ನ ಕಾವನ್ನು ಸುತ್ತಲಿನ ಗಾಳಿಗೆ ಬಿಟ್ಟುಕೊಡಬೇಕು. ಗಾಳಿಯೇ ಕಾದಿದ್ದರೆ ಎಲ್ಲಿಗೆ ಬಿಡುವುದು? ಫ್ಯಾನ್ ಜೋರಾಗುತ್ತದೆ, ಯಂತ್ರ ವೇಗ ಇಳಿಸುತ್ತದೆ, ಆಟ ಜಗ್ಗುತ್ತದೆ. ಸ್ವಿಚ್ ತೀರಾ ಕಾದರೆ ಎಚ್ಚರಿಕೆ ಕೊಟ್ಟು ತಾನೇ ಮಲಗುತ್ತದೆ. ಯಂತ್ರಕ್ಕಿಂತ ದೊಡ್ಡ ಹೊಡೆತ ಬ್ಯಾಟರಿಗೆ. ಲಿಥಿಯಂ ಬ್ಯಾಟರಿಗೆ ಕಾವು ಮತ್ತು ಪೂರ್ತಿ ಚಾರ್ಜ್ ಎರಡೂ ಸೇರಿದರೆ ಆಯಸ್ಸು ಬೇಗ ಕಮ್ಮಿಯಾಗುತ್ತದೆ. ಹಾಗಾಗಿ ಮಧ್ಯಾಹ್ನ ಚಾರ್ಜಿಗೆ ಹಾಕಿಕೊಂಡೇ ಆಡಬೇಡಿ. ಬೆಳಗಿನ ತಂಪಿನಲ್ಲಿ ಚಾರ್ಜ್ ಮಾಡಿಟ್ಟುಕೊಳ್ಳಿ. ಪೂರ್ತಿ ತುಂಬುವ ಮುಂಚೆ ನಿಲ್ಲಿಸುವ ಸೆಟ್ಟಿಂಗ್ ಇದ್ದರೆ ಹಾಕಿಕೊಳ್ಳಿ. 2025ರ ಸ್ವಿಚ್ 2ರಲ್ಲಿ ಸುಮಾರು 90 ಪರ್ಸೆಂಟ್‌ಗೆ ನಿಲ್ಲಿಸುವ ಆಯ್ಕೆ ಇದೆ. ಕೂಲರ್ ಇರುವ ಕೋಣೆಯಲ್ಲಿ ಆಡುವುದು ಒಳ್ಳೆಯದು, ಆದರೆ ಅದರ ಬಾಯಿಗೇ ಹಿಡಿಯಬೇಡಿ. ಆ ಗಾಳಿಯಲ್ಲಿ ನೀರಿನ ಪಸೆ ಇರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರು, ಸ್ಕೂಟರ್ ಡಿಕ್ಕಿಯಲ್ಲಿ ಬಿಟ್ಟು ಹೋಗುವ ಮಾತೇ ಬೇಡ.

ಕೈ, ಕಿವಿ, ಕೂಸು

ಇನ್ನು ಯಾರೂ ಹೇಳದ ಒಂದು ಮಾತು. ಕೂಸನ್ನು ದಿನಕ್ಕೆ ಹತ್ತಾರು ಸಲ ಕಂಕುಳಲ್ಲಿ ಕೈ ಹಾಕಿ ಎತ್ತುವ ಅಮ್ಮಂದಿರಿಗೆ ಹೆಬ್ಬೆರಳಿನ ಬುಡ, ಮಣಿಕಟ್ಟಿನ ಪಕ್ಕ ನೋವು ಬರುವುದು ಸಾಮಾನ್ಯ. ಹೆಬ್ಬೆರಳನ್ನು ಆಡಿಸುವ ಸ್ನಾಯುರಜ್ಜು (ಟೆಂಡನ್) ಓಡುವ ಜಾಗ ಊದಿಕೊಳ್ಳುತ್ತದೆ. ಡಾಕ್ಟರು ಇದಕ್ಕೆ ಡಿ ಕ್ವೆರ್ವೇನ್ ಅನ್ನುತ್ತಾರೆ. ಹ್ಯಾಂಡ್‌ಹೆಲ್ಡ್ ಆಡುವುದೂ ಅದೇ ಹೆಬ್ಬೆರಳಿನಿಂದ. ಇಲ್ಲಿ ತೂಕ ಬಹಳ ಮುಖ್ಯ. ಸ್ವಿಚ್ ಲೈಟ್ 275 ಗ್ರಾಂ, ಮೊದಲ ಸ್ಟೀಮ್ ಡೆಕ್ 669 ಗ್ರಾಂ. ಎರಡೂ ಕೈಯಲ್ಲಿ ಹಿಡಿದು ನೋಡದೆ ಅಂತರ ಗೊತ್ತಾಗುವುದಿಲ್ಲ. ಮಣಿಕಟ್ಟು ನೋಯುತ್ತಿದ್ದರೆ ಭಾರದ್ದು ಬೇಡ. ತೊಡೆ ಮೇಲೆ ದಿಂಬು ಇಟ್ಟು, ಅದರ ಮೇಲೆ ಯಂತ್ರ ಇಡಿ. ದೊಡ್ಡ ಸ್ವಿಚ್‌ನಲ್ಲಾದರೆ ಎರಡೂ ಪಕ್ಕದ ಹಿಡಿಗಳನ್ನು ಕಳಚಿ, ಪರದೆಯನ್ನು ಮೇಜಿನ ಮೇಲೆ ನಿಲ್ಲಿಸಿ, ಒಂದೊಂದು ಕೈಯಲ್ಲಿ ಒಂದೊಂದು ಹಿಡಿದು ಕೈ ಇಳಿಬಿಟ್ಟೇ ಆಡಬಹುದು. ಚಿಕ್ಕದಾದ ಲೈಟ್ ಮಾದರಿಯಲ್ಲಿ ಹಿಡಿ ಕಳಚುವುದಿಲ್ಲ. ನೋವು ಹೋಗದಿದ್ದರೆ ಡಾಕ್ಟರಿಗೆ ತೋರಿಸಿ, ಗೇಮ್ ಬದಿಗಿಡಿ.

ಎರಡೂ ಕಿವಿಗೆ ಇಯರ್‌ಫೋನ್ ಹಾಕಬೇಡಿ. ಒಂದು ಕಿವಿ ಕೂಸಿನ ಕಡೆ ಇರಲಿ. ಕೂಸನ್ನು ಎದೆ ಮೇಲೆ ಮಲಗಿಸಿಕೊಂಡು, ತೂಕಡಿಸುತ್ತಾ ಆಡುವುದಂತೂ ಬೇಡವೇ ಬೇಡ.

ಹಾಗಾದರೆ ಆಡಬೇಕಾದದ್ದು ಏನು? ಸರದಿಯಂತೆ ನಡೆಯುವ ಆಟಗಳು ಎಲ್ಲಕ್ಕಿಂತ ಒಳ್ಳೆಯವು. ನೀವು ನಡೆ ಇಡುವ ತನಕ ಆಟ ಕಾಯುತ್ತದೆ. ಇಂಟು ದಿ ಬ್ರೀಚ್, ಸ್ಲೇ ದಿ ಸ್ಪೈರ್ ಇಂಥವು. ಮಧ್ಯೆ ಎದ್ದು ಹೋಗಿ ಎರಡು ದಿನ ಬಿಟ್ಟು ಬಂದರೂ ಮುಂದೆ ಏನು ಮಾಡಬೇಕು ಅನ್ನುವುದು ಪರದೆ ಮೇಲೇ ಇರುತ್ತದೆ. ಎರಿಕ್ ಬರೋನ್ ಅನ್ನುವವರು ಒಬ್ಬರೇ ಮಾಡಿ 2016ರಲ್ಲಿ ಬಿಟ್ಟ ಸ್ಟಾರ್‌ಡ್ಯೂ ವ್ಯಾಲಿ ಹೊಲ ಮನೆ ನೋಡಿಕೊಳ್ಳುವ ಆಟ. ತೊಗರಿ ನಾಡಿನವರಿಗೆ ಬೇಗ ಹಿಡಿಸುತ್ತದೆ. ಅದರಲ್ಲಿ ಒಂದು ದಿನ ಅಂದರೆ ನಮ್ಮ ಹದಿನಾಲ್ಕು ನಿಮಿಷ. ದಿನ ಮುಗಿದು ಮಲಗಿದಾಗಲೇ ಸೇವ್ ಆಗುತ್ತದೆ. ಸ್ಲೀಪ್ ಮೋಡ್ ಇಲ್ಲದ ಯಂತ್ರದಲ್ಲಿ ಹನ್ನೆರಡನೇ ನಿಮಿಷಕ್ಕೆ ಕೂಸು ಎದ್ದರೆ ಇಡೀ ದಿನದ ಬೆಳೆ ಹೋಯಿತು. ಹ್ಯಾಂಡ್‌ಹೆಲ್ಡ್‌ನಲ್ಲಿ ಈ ಸಂಕಟ ಇಲ್ಲ. ದೊಡ್ಡ ಕಥೆ ಇರುವ ಆಟಗಳ ಬಗ್ಗೆ ನನಗೆ ಅನುಮಾನ. ಯಂತ್ರ ಮರೆಯುವುದಿಲ್ಲ ಸರಿ, ನಿದ್ದೆಗೆಟ್ಟ ತಲೆ ಮರೆಯುತ್ತದೆ. ಯಾವ ರಾಜ ಯಾರ ಮಗನನ್ನು ಕೊಂದ ಅಂತ ನೆನಪು ಮಾಡಿಕೊಳ್ಳುವುದರಲ್ಲೇ ಕಾಲು ತಾಸು ಹೋಗಿಬಿಡುತ್ತದೆ.

ಬೆಂಗಳೂರಿಗೆ ಉದ್ಯಾನ್ ಎಕ್ಸ್‌ಪ್ರೆಸ್ ರೈಲಿನಲ್ಲಿ ಹೊರಟವರು ಒಂದು ಮಾತು ನೆನಪಿಡಿ. ವಾಡಿ ದಾಟಿದ ಮೇಲೆ ನೆಟ್‌ವರ್ಕ್ ಬರುತ್ತದೆ, ಹೋಗುತ್ತದೆ. ಆಟ ಮೊದಲೇ ಡೌನ್‌ಲೋಡ್ ಆಗಿರಬೇಕು, ಮನೆಯಲ್ಲೇ ಒಂದು ಸಲ ಇಂಟರ್ನೆಟ್ ತೆಗೆದು ತೆರೆಯುತ್ತದಾ ನೋಡಿರಬೇಕು.

ಕೂಸಿನ ಕೈಗೆ ಯಾವಾಗ ಕೊಡಬಹುದು ಅಂತ ಕೇಳುವವರಿಗೆ: ಈಗಲೇ ಬೇಡ. ಭಾರತೀಯ ಮಕ್ಕಳ ವೈದ್ಯರ ಸಂಘ ಐಎಪಿ 2021ರಲ್ಲಿ ಹೇಳಿರುವಂತೆ ಎರಡು ವರ್ಷದ ಒಳಗಿನ ಮಕ್ಕಳಿಗೆ ಪರದೆ ಬೇಡ, ಊರಲ್ಲಿರುವ ಅಜ್ಜ ಅಜ್ಜಿಯ ಜೊತೆ ವಿಡಿಯೋ ಕಾಲ್ ಆಗಾಗ ಸರಿ. ಎರಡರಿಂದ ಐದು ವರ್ಷದವರಿಗೆ ದಿನಕ್ಕೆ ಒಂದು ತಾಸು ಮೀರಬಾರದು, ಅದೂ ದೊಡ್ಡವರು ಪಕ್ಕದಲ್ಲಿದ್ದು. ಇದು ಮಕ್ಕಳಿಗೆ ಹೇಳಿದ್ದು. ನಾವು ಆಡುವುದನ್ನು ಅವರು ನೋಡುತ್ತಾ ಕೂರುವುದೂ ಪರದೆಯೇ, ಹಾಗಾಗಿ ಕೂಸು ಎದ್ದಾಗ ಯಂತ್ರ ಮಲಗಿರಲಿ. ಸ್ವಿಚ್‌ನ ಆಟದ ಕಾರ್ಡ್ ಅಂಚೆ ಚೀಟಿಯಷ್ಟು ಚಿಕ್ಕದು, ಮಕ್ಕಳು ಬಾಯಿಗೆ ಹಾಕಿಕೊಳ್ಳುವ ಅಳತೆ. ಅದಕ್ಕೇ ನಿಂಟೆಂಡೊ ಆ ಕಾರ್ಡಿಗೆ ಡಿನಾಟೋನಿಯಂ ಬೆಂಜೋಯೇಟ್ ಅನ್ನುವ ವಿಪರೀತ ಕಹಿ ವಸ್ತು ಹಚ್ಚುತ್ತದೆ. ಬೇವಿನ ಕಷಾಯ ಏನೂ ಅಲ್ಲ ಇದರ ಮುಂದೆ. ಹಾಗಂತ ಕಾರ್ಡನ್ನು ಮಂಚದ ಮೇಲೆ ಬಿಡಬೇಡಿ, ಕಹಿ ಇದ್ದರೂ ಗಂಟಲಿಗೆ ಸಿಕ್ಕಿಕೊಳ್ಳಬಹುದು. ಮಲಗಿದ ಸ್ವಿಚ್ ಎಬ್ಬಿಸಲು ಒಂದೇ ಬಟನ್ನನ್ನು ಮೂರು ಸಲ ಒತ್ತಬೇಕು. ಚೀಲದಲ್ಲಿ ತಾನಾಗಿ ಏಳದಿರಲಿ ಅಂತ ಮಾಡಿದ್ದು. ಒಂದೂವರೆ ವರ್ಷದ ಮಗುವಿಗೆ ಒಂದೇ ಬಟನ್ ಮೂವತ್ತು ಸಲ ಒತ್ತುವುದೇ ಆಟ, ಹಾಗಾಗಿ ಕೈಗೆ ಸಿಗದ ಹಾಗೆ ಎತ್ತಿಡಿ.

ಇನ್ನೊಂದು ವಿಷಯ ಗಂಡ ಹೆಂಡತಿಗೆ ಸೇರಿದ್ದು. ಟಿವಿ ಮುಂದೆ ಆಡುವವರು ಎಲ್ಲರಿಗೂ ಕಾಣುತ್ತಾರೆ. ಹ್ಯಾಂಡ್‌ಹೆಲ್ಡ್ ಹಿಡಿದವರು ಕಾಣುವುದಿಲ್ಲ. ಟಾಯ್ಲೆಟ್ಟಿಗೆ ಹೋದವರು ಅರ್ಧ ತಾಸಾದರೂ ಬರುವುದಿಲ್ಲ. ಹೆಚ್ಚಿನ ಮನೆಗಳಲ್ಲಿ ಹಾಗೆ ಮಾಯವಾಗುವವರು ಅಪ್ಪಂದಿರು, ಪಾತ್ರೆ ತೊಳೆಯುವವರು ಅಮ್ಮಂದಿರು. ಬಾಣಂತನಕ್ಕೆ ತವರಿಗೆ ಹೋಗಿ ಬಂದ ಹೆಂಗಸಿಗೂ ಗೇಮ್ ಆಡಬೇಕು ಅನ್ನಿಸಬಹುದು ಅನ್ನುವುದೇ ಎಷ್ಟೋ ಮನೆಯವರ ತಲೆಗೆ ಬರುವುದಿಲ್ಲ. ಯಂತ್ರ ಒಂದೇ ಇದ್ದರೆ ಸರದಿ ಇಡಿ. ರಾತ್ರಿ ಕೂಸು ಮಲಗಿದ ಮೇಲೆ ಆಡುವುದಕ್ಕಿಂತ ನೀವೂ ಮಲಗುವುದು ಎಷ್ಟೋ ದಿನ ಒಳ್ಳೆಯದು, ಅದನ್ನೂ ಹೇಳಲೇಬೇಕು.

ಕೊಳ್ಳುವ ಮುಂಚೆ

ನಿಂಟೆಂಡೊ ಸ್ವಿಚ್, ಸ್ಟೀಮ್ ಡೆಕ್ ನಮ್ಮಲ್ಲಿ ಸಿಗುವುದು ಹೆಚ್ಚಾಗಿ ಹೊರದೇಶದಿಂದ ತರಿಸಿ ಮಾರುವವರ ಹತ್ತಿರ. ಬೆಲೆ ಅಂಗಡಿಯಿಂದ ಅಂಗಡಿಗೆ ಬೇರೆ. ಕೆಟ್ಟರೆ ಕಂಪನಿ ಸರ್ವಿಸ್ ನಂಬಿ ಕೂರುವಂತಿಲ್ಲ. ದುಬೈ, ಸೌದಿಯಲ್ಲಿ ನೆಂಟರಿರುವ ಮನೆಗಳು ನಮ್ಮ ಕಡೆ ಸಾಕಷ್ಟು, ಅವರ ಕೈಯಲ್ಲಿ ತರಿಸಿಕೊಂಡರೂ ವಾರಂಟಿಯ ಕಥೆ ಇಷ್ಟೇ. ಇಲ್ಲಿಯ ವಾರಂಟಿ ಬೇಕೆಂದರೆ ಅಸೂಸ್‌ನ ಆರ್‌ಒಜಿ ಅಲೈ, ಲೆನೊವೊದ ಲೀಜನ್ ಗೋ ಅನ್ನುವ ಹ್ಯಾಂಡ್‌ಹೆಲ್ಡ್‌ಗಳನ್ನು ಭಾರತದಲ್ಲೇ ಮಾರುತ್ತಾರೆ. ಅಲೈನ ಮೇಲಿನ ಮಾದರಿ 2023ರಲ್ಲಿ 69,990 ರೂಪಾಯಿಗೆ ಬಂದಿತ್ತು. ಇವು ಶಕ್ತಿಯಲ್ಲಿ ಮುಂದೆ. ಆದರೆ ಹೆಚ್ಚಿನವು ವಿಂಡೋಸ್ ಮೇಲೆ ಓಡುತ್ತವೆ. ವಿಂಡೋಸ್ ನಿದ್ದೆಯನ್ನು ನಾನು ಅಷ್ಟು ನಂಬುವುದಿಲ್ಲ. ಮಲಗಿಸಿದ ಮೇಲೂ ಹಿಂದೆ ಅಪ್‌ಡೇಟ್, ಇನ್ನೇನೋ ನಡೆಸಿ ಬ್ಯಾಟರಿ ತಿಂದಿರುವುದುಂಟು, ಎದ್ದಾಗ ಆಟ ಮುಚ್ಚಿರುವುದೂ ಉಂಟು. ನಮಗೆ ಬೇಕಾದ ಗುಣವೇ ಅದು, ಅದೇ ಅರ್ಧಂಬರ್ಧ ಇದ್ದರೆ ಎಷ್ಟು ಶಕ್ತಿ ಇದ್ದು ಏನು? ಸ್ಟೀಮ್ ಡೆಕ್‌ನಲ್ಲಿ ವಿಂಡೋಸ್ ಬದಲು ಇರುವ ಸ್ಟೀಮ್‌ಒಎಸ್, ಲಿನಕ್ಸ್ ಅನ್ನುವ ಆಪರೇಟಿಂಗ್ ಸಿಸ್ಟಂ ಮೇಲೆ ಕಟ್ಟಿದ್ದು, ಗೇಮ್‌ಗೆಂದೇ ಮಾಡಿದ್ದು, ನಿದ್ದೆಯ ವಿಷಯದಲ್ಲಿ ಮೇಲು. 2025ರಲ್ಲಿ ಲೀಜನ್ ಗೋ ಎಸ್‌ನ ಒಂದು ಮಾದರಿಯೂ ಇದೇ ಸ್ಟೀಮ್‌ಒಎಸ್ ಜೊತೆ ಬಂದಿದೆ.

ಮೂರು ನಾಲ್ಕು ಸಾವಿರಕ್ಕೆ ಆನ್‌ಲೈನ್‌ನಲ್ಲಿ ಸಿಗುವ, ಸಾವಿರಾರು ಹಳೆಯ ಆಟ ತುಂಬಿ ಕಳಿಸುವ ಚೀನಾ ಯಂತ್ರಗಳೂ ಇವೆ. ಹಗುರ, ಚಿಕ್ಕದು, ಕೆಟ್ಟರೆ ಹೊಟ್ಟೆ ಉರಿಯುವುದಿಲ್ಲ. ಆದರೆ ಒಳಗೆ ತುಂಬಿರುವ ಆಟಗಳು ಬಹುತೇಕ ಕಳ್ಳ ನಕಲು, ಅದು ಗೊತ್ತಿರಲಿ.

ಸೆಕೆಂಡ್ ಹ್ಯಾಂಡ್ ನೋಡುವವರು ಮೊದಲು ಸ್ಟಿಕ್ ಪರೀಕ್ಷೆ ಮಾಡಿ. ಹೆಬ್ಬೆರಳಿನಿಂದ ಆಡಿಸುವ ಈ ಕೋಲಿನ ಒಳಗೆ ಕಾರ್ಬನ್ ಪಟ್ಟಿಯ ಮೇಲೆ ಲೋಹದ ಚೂರು ಉಜ್ಜುತ್ತಾ ಇರುತ್ತದೆ. ಸವೆದರೆ, ಧೂಳು ಸೇರಿದರೆ ಮುಟ್ಟದಿದ್ದರೂ ಆಟದಲ್ಲಿ ಮನುಷ್ಯ ತಾನಾಗಿ ನಡೆಯುತ್ತಾನೆ. ಡ್ರಿಫ್ಟ್ ಅನ್ನುತ್ತಾರೆ. ಸ್ವಿಚ್‌ಗೆ ಇದು ಹೆಸರುವಾಸಿ ರೋಗ, ನಮ್ಮ ಧೂಳಿಗೆ ಇನ್ನೂ ಬೇಗ ಬರುತ್ತದೆ. ದೊಡ್ಡ ಸ್ವಿಚ್‌ನಲ್ಲಾದರೆ ಪಕ್ಕದ ಹಿಡಿ ಬದಲಿಸಿದರೆ ಆಯಿತು. ಲೈಟ್ ಮಾದರಿಯಲ್ಲಿ ಯಂತ್ರವನ್ನೇ ಬಿಚ್ಚಬೇಕು. ಆಮೇಲೆ ಮಾರುವವರ ಎದುರೇ ಒಂದು ಆಟ ಹಚ್ಚಿ, ನಡುವೆ ಮಲಗಿಸಿ, ಬ್ಯಾಟರಿ ಎಷ್ಟಿದೆ ಬರೆದುಕೊಳ್ಳಿ. ಚಹಾ ಕುಡಿಯುತ್ತಾ ಅರ್ಧ ತಾಸು ಬೆಲೆ ಚೌಕಾಶಿ ಮಾಡಿ. ಮತ್ತೆ ಎಬ್ಬಿಸಿದಾಗ ಆಟ ಅಲ್ಲೇ ಇರಬೇಕು, ಬ್ಯಾಟರಿ ಒಂದು ಪರ್ಸೆಂಟಿಗಿಂತ ಜಾಸ್ತಿ ಇಳಿದಿರಬಾರದು. ಮೂರು ನಾಲ್ಕು ಪರ್ಸೆಂಟ್ ಇಳಿದಿದ್ದರೆ ಬ್ಯಾಟರಿ ಬದಲಿಸುವ ಖರ್ಚನ್ನು ಬೆಲೆಯಲ್ಲಿ ಮುರಿದುಕೊಳ್ಳಿ.